ಎವ್ರಿಬಡಿ ಎಂದರೆ ಯಾರು ಯಾರು?

ನಾನು ಬಹುಕಾಲ ಇಂಗ್ಲಿಷ್ ಪಾಠ ಹೇಳಿದವನು. ಅದರಲ್ಲಿ ಕೆಲವು ವರ್ಷಗಳು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಕಳೆದವು. ಒಮ್ಮೆ ಮಳೆಗಾಲದ ಒಂದು ಸಂಜೆಯನ್ನು ಕುರಿತು ಪ್ರಬಂಧ ಬರೆಯಲು ಹೇಳಿದ್ದೆ. ಕಾಲೇಜು ಬಿಟ್ಟಾಗ ಮಳೆ ಬಂತು, ಎಲ್ಲರೂ ಕೊಡೆ ಬಿಚ್ಚಿದರು ಎಂದು ಒಬ್ಬ ಹುಡುಗಿ ಬರೆದಿದ್ದಳು. ಇಂಗ್ಲಿಷಿನಲ್ಲಿ ಆಕೆಯ ವಾಕ್ಯ ‘ಎವ್ರಿಬಡಿ ಓಪನ್ಡ್ ದೇರ್ ಅಂಬ್ರೆಲ’ ಎಂದಿತ್ತು. ನಾನು ‘ದೇರ್’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ‘ಹಿಸ್’ ಎಂದು ಬರೆದು, ಅರ್ಧ ಅಂಕ ಕಳೆದೆ. ಎವ್ರಿಬಡಿ ಏಕವಚನ, ದೇರ್ ಬಹುವಚನ. ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ನಾನು ಕಲಿತ, ಕಲಿಸಿದ ನಿಯಮ. ಹಾಳೆಗಳನ್ನು ಹಂಚಿದ ಮೇಲೆ ಆ ಹುಡುಗಿ ಎದ್ದು ನಿಂತಳು. “ಸಾರ್, ನಮ್ಮ ಕಾಲೇಜಿನಲ್ಲಿ ಹುಡುಗರೇ ಇಲ್ಲವಲ್ಲ. ಈ ಕೊಡೆ ಬಿಚ್ಚಿದ ಅವನು ಯಾರು?” ಎಂದು ಕೇಳಿದಳು.

ತರಗತಿ ನಕ್ಕಿತು, ನಾನೂ ನಕ್ಕೆ. “ಅದು ಗಂಡಸಿನ ಅವನು ಅಲ್ಲಮ್ಮ, ವ್ಯಾಕರಣದ ಅವನು” ಎಂದು ಹೇಳಿ ಕೂರಿಸಿದೆ. ನಿಜ ಹೇಳಬೇಕೆಂದರೆ, ಹೆಂಗಸರೇ ಇರುವ ಗುಂಪಾದರೆ ‘ಹರ್’ ಎನ್ನಬಹುದೆಂದು ಅದೇ ವ್ಯಾಕರಣ ಹೇಳುತ್ತದೆ. ಆ ಹೊತ್ತಿನಲ್ಲಿ ನನಗೆ ಅದೂ ಹೊಳೆದಿರಲಿಲ್ಲ. ಕೈ ಅಷ್ಟರಮಟ್ಟಿಗೆ ಪಳಗಿಹೋಗಿತ್ತು. ಈ ‘ವ್ಯಾಕರಣದ ಅವನು’ ಯಾರು, ಎಲ್ಲಿಂದ ಬಂದ, ಎಲ್ಲೆಲ್ಲಿ ಓಡಾಡಿದ ಎಂಬುದನ್ನು ಆಮೇಲೆ ಬಿಡುವಾದಾಗಲೆಲ್ಲ ಹುಡುಕುತ್ತ ಹೋದೆ. ಅವನ ಜಾಡು ಶಾಲೆಯ ಪಠ್ಯಪುಸ್ತಕದಿಂದ ಹೊರಟು ಪಾರ್ಲಿಮೆಂಟಿಗೂ ನ್ಯಾಯಾಲಯಕ್ಕೂ ಹೋಯಿತು. ಕಡೆಗೆ ಕಲ್ಕತ್ತೆಗೂ ಬಂದು ಮುಟ್ಟಿತು. ಆ ಕಥೆಯನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಶಬ್ದದ ಮಾತು. ಎವ್ರಿವನ್, ಎವ್ರಿಬಡಿ — ಇವೆರಡಕ್ಕೂ ಅರ್ಥದಲ್ಲಿ ಭೇದವಿಲ್ಲ. ಎರಡನೆಯದು ಕೊಂಚ ಆಡುಮಾತಿನ ಸಲಿಗೆಯದು, ಅಷ್ಟೆ. ‘ಎವ್ರಿ’ ಎಂಬುದು ಹಳೆಯ ಇಂಗ್ಲಿಷಿನ ಎರಡು ಪದಗಳು ಬೆಸೆದು ಆದದ್ದು: ಒಂದಕ್ಕೆ ‘ಎಂದೆಂದಿಗೂ’ ಎಂಬ ಅರ್ಥ, ಇನ್ನೊಂದಕ್ಕೆ ‘ಒಂದೊಂದೂ’ ಎಂಬ ಅರ್ಥ. ಒಂದೊಂದನ್ನೂ ಬಿಡದೆ ಎಣಿಸಿದಾಗ ಆಗುವ ಎಲ್ಲ, ಅದು ಎವ್ರಿ. ಅದಕ್ಕೆ ‘ಒಬ್ಬ’ ಎಂಬ ಮಾತು ಸೇರಿ ಎವ್ರಿವನ್ ಆಯಿತು. ಬಾಡಿ ಎಂದರೆ ದೇಹ. ಆ ಕಾಲದ ಇಂಗ್ಲಿಷಿನಲ್ಲಿ ದೇಹವೆಂದರೆ ವ್ಯಕ್ತಿಯೂ ಹೌದು. ನಾವು ತಲೆಗೆ ಇಷ್ಟು ಎಂದು ಲೆಕ್ಕ ಹಾಕುತ್ತೇವೆ. ಅವರು ಮೈ ಎಣಿಸಿದರು. 19ನೆಯ ಶತಮಾನದ ಪುಸ್ತಕಗಳಲ್ಲಿಯೂ ಇವುಗಳನ್ನು ಎರಡು ಬಿಡಿ ಪದಗಳಾಗಿ ಅಚ್ಚು ಹಾಕಿರುವುದನ್ನು ಕಾಣಬಹುದು. ಇಂದಿಗೂ ವಸ್ತುಗಳನ್ನು ಕುರಿತಾಗ, ‘ಈ ಮಾವಿನಹಣ್ಣುಗಳಲ್ಲಿ ಒಂದೊಂದೂ’ ಎನ್ನುವಾಗ, ಎವ್ರಿ ವನ್ ಎಂದು ಬಿಡಿಸಿಯೇ ಬರೆಯಬೇಕು.

ಒಬ್ಬೊಬ್ಬರನ್ನೇ ಎಣಿಸುವ ಪದವಾದ್ದರಿಂದ ಕ್ರಿಯಾಪದ ಏಕವಚನ: ‘ಎವ್ರಿವನ್ ಈಸ್’ ಎನ್ನಬೇಕು. ನಮ್ಮ ಮಕ್ಕಳು ಮೊದಲು ಎಡವುವುದು ಇಲ್ಲಿ. ಕನ್ನಡದ ‘ಎಲ್ಲರೂ’ ಬಹುವಚನ; ಆದ್ದರಿಂದ ‘ಎವ್ರಿವನ್ ಹ್ಯಾವ್’ ಎಂದು ಬರೆಯುತ್ತಾರೆ. ಎರಡನೆಯ ಎಡವು ನಿಷೇಧದಲ್ಲಿ. ‘ಎಲ್ಲರೂ ಬರಲಿಲ್ಲ’ ಎಂದರೆ ನಮ್ಮಲ್ಲಿ ಕೆಲವರು ಬಂದರು, ಕೆಲವರು ಬರಲಿಲ್ಲ ಎಂದೂ ಆಗಬಹುದು. ಒಬ್ಬರೂ ಬರಲಿಲ್ಲ ಎಂದೂ ಆಗಬಹುದು. ದನಿಯ ಏರಿಳಿತದಿಂದ ತಿಳಿಯುತ್ತದೆ. ಬರವಣಿಗೆಯ ಇಂಗ್ಲಿಷ್ ಈ ಸಂದಿಗ್ಧವನ್ನು ಒಪ್ಪದು. ಮೊದಲನೆಯ ಅರ್ಥಕ್ಕೆ ‘ನಾಟ್’ ಎಂಬುದನ್ನು ಎವ್ರಿವನ್ನಿನ ಮುಂದಕ್ಕೆ ತಂದಿಡಬೇಕು, ಎರಡನೆಯದಕ್ಕೆ ‘ನೋಬಡಿ’ ಎನ್ನಬೇಕು. ಇವೆಲ್ಲ ತಿದ್ದಬೇಕಾದ ತಪ್ಪುಗಳೇ. ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಎವ್ರಿವನ್ ಎಂದು ಹೇಳಿಯಾಯಿತು. ಅದೇ ಜನರನ್ನು ವಾಕ್ಯದಲ್ಲಿ ಮತ್ತೊಮ್ಮೆ ಸೂಚಿಸಬೇಕಾದಾಗ ಯಾವ ಸರ್ವನಾಮ ಬಳಸಬೇಕು? ಇಂಗ್ಲಿಷಿನ ಏಕವಚನದಲ್ಲಿ ಮನುಷ್ಯರಿಗಿರುವುದು ಎರಡೇ: ಹೀ, ಶೀ. ಎಲ್ಲರನ್ನೂ ಒಳಗೆ ಕರೆದ ಮೇಲೆ ಎಲೆ ಹಾಕುವಾಗ ಗಂಡೋ ಹೆಣ್ಣೋ ಎಂದು ಕೇಳಿದಂತಾಯಿತು.

ಇಂಗ್ಲಿಷ್ ಆಡುವ ಜನ ಈ ತೊಡಕನ್ನು ತಾವಾಗಿಯೇ ಬಿಡಿಸಿಕೊಂಡಿದ್ದರು. ಅವರು ‘ದೇ, ದೇರ್, ದೆಮ್’ ಎಂದರು. ಈ ದೇ ಎಂಬ ಶಬ್ದ ಮೂಲತಃ ಇಂಗ್ಲಿಷಿನದೇ ಅಲ್ಲ. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಡೇನರ ನಾಡಿನ ನುಡಿಯಿಂದ ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ಅವನು, ಅವಳು, ಅವರು ಎಂಬ ಮೂರಕ್ಕೂ ಇದ್ದ ಶಬ್ದಗಳು ಉಚ್ಚಾರಣೆಯಲ್ಲಿ ಒಂದಕ್ಕೊಂದು ಹತ್ತಿರವಾಗಿ ಗೊಂದಲಕ್ಕೆಡೆಯಾದಾಗ, ನೆರೆಯವರ ಬಹುವಚನವನ್ನು ಎರವಲು ತಂದರು. ಒಂದು ಭಾಷೆ ನಾಮಪದಗಳನ್ನು ಧಾರಾಳವಾಗಿ ಸಾಲ ಪಡೆಯುತ್ತದೆ. ಸರ್ವನಾಮವನ್ನು ಪಡೆಯುವುದು ಬಲು ಅಪರೂಪ. ಹಾಗೆ ಬಂದ ಈ ಅತಿಥಿ ಬೇಗನೆ ಮನೆಯವನೇ ಆಗಿ, ‘ಒಬ್ಬೊಬ್ಬರೂ’ ಎಂಬ ಏಕವಚನದ ಹಿಂದೆಯೂ ನಿಲ್ಲತೊಡಗಿದ. ಸುಮಾರು 1375ರಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ, ತೋಳನಾದ ಮನುಷ್ಯನೊಬ್ಬನ ಕಥೆಯುಳ್ಳ ಪದ್ಯಕಾವ್ಯದಲ್ಲಿಯೇ ಈ ಬಳಕೆ ಸಿಕ್ಕುತ್ತದೆ. 1611ರ ಬೈಬಲ್ ಭಾಷಾಂತರದಲ್ಲಿ, ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ, ಪ್ರತಿಯೊಬ್ಬರೂ ಇತರರನ್ನು ತಮಗಿಂತ ಮೇಲೆಂದು ಎಣಿಸಬೇಕೆಂಬ ಉಪದೇಶವಿದೆಯಷ್ಟೆ. ಅಲ್ಲಿ ‘ಈಚ್’ ಎಂಬ ಏಕವಚನಕ್ಕೆ ‘ದೆಮ್‌ಸೆಲ್ವ್ಸ್’ ಎಂಬ ಬಹುವಚನವೇ ಜೊತೆಯಾಗಿದೆ. ಇಂಗ್ಲಿಷ್ ಗದ್ಯಕ್ಕೆ ಮಾದರಿಯೆಂದು ನಾವು ತರಗತಿಯಲ್ಲಿ ಕೊಂಡಾಡುವ ಜೇನ್ ಆಸ್ಟಿನ್ ತನ್ನ ಕಾದಂಬರಿಗಳಲ್ಲಿ ಎವ್ರಿಬಡಿಯ ಹಿಂದೆ ದೇರ್ ಇಟ್ಟಿರುವುದು ಒಂದೆರಡು ಕಡೆ ಅಲ್ಲ, ಹತ್ತಾರು ಕಡೆ. ನಾನು ಆ ಹುಡುಗಿಯ ಅರ್ಧ ಅಂಕ ಕಳೆದ ಲೆಕ್ಕದಲ್ಲಿ ನೋಡಿದರೆ ಆಸ್ಟಿನ್‌ಗೆ ಪಾಸು ಮಾಡುವಷ್ಟು ಅಂಕ ಉಳಿಯುತ್ತಿತ್ತೋ ಇಲ್ಲವೋ!

ಬಹುವಚನ ಏಕವಚನದ ಕೆಲಸ ಮಾಡುವುದು ಆ ಭಾಷೆಗೆ ಹೊಸದೇನೂ ಅಲ್ಲ. ‘ಯೂ’ ಎಂಬುದು ಒಂದು ಕಾಲಕ್ಕೆ ಬಹುವಚನ. ಒಬ್ಬನಿಗೆ ‘ದೌ’ ಎನ್ನುತ್ತಿದ್ದರು. ಗೌರವಕ್ಕೆ ಆರಂಭವಾದ ಬಹುವಚನ ಬರಬರುತ್ತ ಎಲ್ಲರಿಗೂ ಸಂದು, ದೌ ಸತ್ತೇಹೋಯಿತು. ಕ್ವೇಕರ್ ಪಂಥದ ಜಾರ್ಜ್ ಫಾಕ್ಸ್ 1660ರಲ್ಲಿ ಇಬ್ಬರು ಸಂಗಡಿಗರೊಡನೆ ಒಂದು ಪುಸ್ತಕವನ್ನೇ ಪ್ರಕಟಿಸಿ, ಒಬ್ಬನಿಗೆ ಯೂ ಎನ್ನುವುದು ಅಸತ್ಯ, ಭಾಷಾಭ್ರಷ್ಟತೆ ಎಂದು ವಾದಿಸಿದ. ಜನ ಕೇಳಲಿಲ್ಲ. ಇಂದು ಯೂ ಎಂಬುದನ್ನು ಏಕವಚನದಲ್ಲಿ ಬಳಸಬಾರದೆಂದು ಹೇಳುವ ವೈಯಾಕರಣ ಒಬ್ಬನೂ ಇಲ್ಲ. ದೇ ವಿಷಯದಲ್ಲಿ ಮಾತ್ರ ಅವರ ಮಾತು ಇನ್ನೂರು ವರ್ಷ ನಡೆಯಿತು.

ಹೇಗೆ ನಡೆಯಿತು? ಇದಕ್ಕೆ ಬೇರು ಲ್ಯಾಟಿನ್ ವ್ಯಾಕರಣದಲ್ಲಿದೆ. 16ನೆಯ ಶತಮಾನದಿಂದ ಇಂಗ್ಲೆಂಡಿನ ಹುಡುಗರು ಉರುಹಚ್ಚುತ್ತಿದ್ದ ವಿಲಿಯಂ ಲಿಲಿಯ ವ್ಯಾಕರಣದಲ್ಲಿ, ಭಿನ್ನ ಲಿಂಗದ ಪದಗಳು ಕೂಡಿ ಬಂದಾಗ ಪುಲ್ಲಿಂಗಕ್ಕೆ ಅಗ್ರಸ್ಥಾನ, ಏಕೆಂದರೆ ಅದು ಸ್ತ್ರೀಲಿಂಗಕ್ಕಿಂತ ಹೆಚ್ಚು ಯೋಗ್ಯವಾದದ್ದು ಎಂಬ ನಿಯಮವಿತ್ತು. ನಾವು ಇದನ್ನು ಕೇಳಿ ಹುಬ್ಬೇರಿಸುವ ಹಾಗಿಲ್ಲ. ಪಾಣಿನಿಯ ಏಕಶೇಷ ಪ್ರಕರಣದಲ್ಲಿಯೂ ಸ್ತ್ರೀವಾಚಕದೊಡನೆ ಹೇಳಿದಾಗ ಉಳಿಯುವುದು ಪುಂವಾಚಕವೇ. ಹಂಸೆಯೂ ಹಂಸವೂ ಕೂಡಿದರೆ ‘ಹಂಸೌ’. ಆದರೆ ಪಾಣಿನಿ ಉಳಿಯುತ್ತದೆ ಎಂದು ಹೇಳಿ ಸುಮ್ಮನಾಗುತ್ತಾನೆ. ಯೋಗ್ಯತೆಯ ಮಾತು ಎತ್ತುವುದಿಲ್ಲ. ಇನ್ನೂ ಒಂದು ಸ್ವಾರಸ್ಯವಿದೆ. ‘ಸರ್ವ’ ಎಂಬುದು ಮೊದಲಾಗಿ ಉಳ್ಳ ಪದಗಳ ಗಣಕ್ಕೆ ಪಾಣಿನಿ ಸರ್ವನಾಮವೆಂಬ ಹೆಸರು ಕೊಟ್ಟ. ಅಂದರೆ ‘ಎಲ್ಲ’ ಎಂಬ ಪದವೇ ಆ ಇಡೀ ವರ್ಗದ ಯಜಮಾನ. ಇಂಗ್ಲಿಷಿನ ಜಗಳವೂ ಕಡೆಗೆ ಅದೇ ಪದದ ಬಾಗಿಲಲ್ಲಿ ನಡೆಯಿತು.

ಲ್ಯಾಟಿನ್ನಿನ ನಿಯಮವನ್ನು ಇಂಗ್ಲಿಷಿನ ಹೀ ಸರ್ವನಾಮಕ್ಕೆ ಕಟ್ಟಿ, ಪುಲ್ಲಿಂಗವೇ ಸಾಮಾನ್ಯ ಹೆಸರು, ಅದರಲ್ಲಿ ಗಂಡೂ ಹೆಣ್ಣೂ ಅಡಕ ಎಂದು ಸ್ಪಷ್ಟವಾಗಿ ಬರೆದವರಲ್ಲಿ ಮೊದಲಿಗಳೆಂದು ಹೆಸರಾದದ್ದು, ತಮಗೆ ಆಶ್ಚರ್ಯವಾದೀತು, ಒಬ್ಬ ಮಹಿಳೆ. ನ್ಯೂಕ್ಯಾಸಲ್ಲಿನ ಶಾಲಾ ಉಪಾಧ್ಯಾಯಿನಿ ಆನ್ ಫಿಶರ್. 18ನೆಯ ಶತಮಾನದ ನಡುವಿನಲ್ಲಿ ಪ್ರಕಟವಾದ ಆಕೆಯ ವ್ಯಾಕರಣ ಮತ್ತೆ ಮತ್ತೆ ಅಚ್ಚಾಯಿತು. ಲ್ಯಾಟಿನ್ನಿನ ಹಂಗಿಲ್ಲದೆ ಇಂಗ್ಲಿಷನ್ನು ಇಂಗ್ಲಿಷಾಗಿಯೇ ಕಲಿಸಬೇಕೆಂದವಳು ಆಕೆ. ಅಂಥವಳ ಕೈಯಿಂದಲೂ ಈ ಸೂತ್ರ ಹೊರಬಂತು. 1795ರಲ್ಲಿ ಲಿಂಡ್ಲಿ ಮರೆಯ ವ್ಯಾಕರಣ ಬಂತು. ಅಮೆರಿಕದಲ್ಲಿ ಹುಟ್ಟಿ ಯಾರ್ಕ್ ಊರಿನ ಬಳಿ ನೆಲೆಸಿದ ಈತನ ಪುಸ್ತಕ ಇಂಗ್ಲಿಷ್ ಕಲಿಯುವ ದೇಶಗಳಲ್ಲೆಲ್ಲ ಹರಡಿತು. ‘ಎನಿವನ್’ ಎಂಬುದರ ಹಿಂದೆ ದೇರ್ ಬರೆಯುವುದು ದೋಷವೆಂದೂ ಹಿಸ್ ಎಂದು ತಿದ್ದಬೇಕೆಂದೂ ಅದರಲ್ಲಿ ಉದಾಹರಣೆ ಕೊಟ್ಟಿತ್ತು. ಮರೆಯೂ ಕ್ವೇಕರನೇ ಎಂಬುದನ್ನು ನೆನೆದರೆ ಜಾರ್ಜ್ ಫಾಕ್ಸ್ ಸೋತ ಪಂದ್ಯವನ್ನು ಇನ್ನೊಂದು ಅಂಗಳದಲ್ಲಿ ಗೆದ್ದನೋ ಎನಿಸುತ್ತದೆ. ನನ್ನ ಕೆಂಪು ಶಾಯಿ ತುಂಬಿ ಬಂದದ್ದು ಆ ದೌತಿಯಿಂದ.

ಇಷ್ಟೇ ಆಗಿದ್ದರೆ ಇದು ಮೇಷ್ಟರುಗಳ ಜಗಳವೆಂದು ಬಿಟ್ಟುಬಿಡಬಹುದಿತ್ತು. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ಕಾಯಿದೆಗಳ ಭಾಷೆಯನ್ನು ಮೊಟಕುಮಾಡಲೆಂದು ಒಂದು ಕಾಯಿದೆ ಮಾಡಿತು. ‘ಅವನು ಅಥವಾ ಅವಳು’ ಎಂದು ಹೆಜ್ಜೆಹೆಜ್ಜೆಗೂ ಬರೆಯುವ ಶ್ರಮ ಬೇಡ. ಬೇರೆಯಾಗಿ ಸ್ಪಷ್ಟಪಡಿಸಿರದ ಹೊರತು ಪುಲ್ಲಿಂಗದ ಮಾತುಗಳಲ್ಲಿ ಸ್ತ್ರೀಯರೂ ಸೇರಿದ್ದಾರೆಂದು ತಿಳಿಯತಕ್ಕದ್ದು ಎಂದು ವಿಧಿಸಿತು. ಶಾಲೆಯ ಸೂತ್ರ ಈಗ ನಾಡಿನ ಶಾಸನ. ಕಾಗದ, ಶಾಯಿ ಉಳಿಸುವುದಷ್ಟೇ ಉದ್ದೇಶ. ಹೀಗೆ ಬರೆದುಬಿಟ್ಟರೆ ಹೆಂಗಸರು ಅದನ್ನು ನಿಜವೆಂದೇ ನಂಬಿಯಾರು ಎಂದು ಆ ಸಭೆಯಲ್ಲಿ ಯಾರೂ ಯೋಚಿಸಿದಂತೆ ಕಾಣದು.

1867ರಲ್ಲಿ ಮತದಾನದ ಹಕ್ಕನ್ನು ವಿಸ್ತರಿಸುವ ಮಸೂದೆ ಬಂತು. ಮೇ 20ರಂದು ಜಾನ್ ಸ್ಟೂಅರ್ಟ್ ಮಿಲ್ ಎದ್ದು, ಮಸೂದೆಯಲ್ಲಿ ‘ಮ್ಯಾನ್’ ಎಂದಿರುವಲ್ಲಿ ‘ಪರ್ಸನ್’ ಎಂದು ತಿದ್ದಬೇಕೆಂದು ಸೂಚಿಸಿದ. ಪರವಾಗಿ 73 ಮತ, ವಿರುದ್ಧ 196. ತಿದ್ದುಪಡಿ ಬಿದ್ದುಹೋಯಿತು, ಕಾಯಿದೆ ‘ಎವ್ರಿ ಮ್ಯಾನ್’ ಎಂದೇ ಹೊರಬಂತು. ಆದರೆ ಮ್ಯಾಂಚೆಸ್ಟರಿನ ಹೆಂಗಸರು ಕಾಯಿದೆಯನ್ನು ಸರಿಯಾಗಿ ಓದುವವರು. 1832ರ ಕಾಯಿದೆಯಲ್ಲಿ ‘ಗಂಡು ವ್ಯಕ್ತಿ’ ಎಂದೇ ಬರೆದಿತ್ತು. ಈಗ ಬರಿಯ ಮ್ಯಾನ್ ಎಂದಿದೆ. 1850ರ ಕಾಯಿದೆಯ ಪ್ರಕಾರ ಮ್ಯಾನ್ ಎಂಬುದರಲ್ಲಿ ನಾವೂ ಇದ್ದೇವೆ ಎಂದರು.

ಅಷ್ಟರಲ್ಲಿ ಒಂದು ತಮಾಷೆ ನಡೆಯಿತು. ಮ್ಯಾಂಚೆಸ್ಟರಿನಲ್ಲಿ ಲಿಲಿ ಮ್ಯಾಕ್ಸ್‌ವೆಲ್ ಎಂಬ ವಿಧವೆ ಚಿಕ್ಕದೊಂದು ಅಂಗಡಿ ಇಟ್ಟುಕೊಂಡಿದ್ದಳು. ತೆರಿಗೆ ಕೊಡುವವಳಾದ್ದರಿಂದ ಆಕೆಯ ಹೆಸರು ಗುಮಾಸ್ತರ ಕಣ್ತಪ್ಪಿನಿಂದ ಮತದಾರರ ಪಟ್ಟಿಗೆ ಸೇರಿತ್ತು. 1867ರ ನವೆಂಬರ್ 26ರ ಉಪಚುನಾವಣೆಯ ದಿನ ಸ್ತ್ರೀಮತಾಧಿಕಾರದ ಹೋರಾಟಗಾರ್ತಿ ಲಿಡಿಯಾ ಬೆಕರ್ ಆಕೆಯನ್ನು ಮತಗಟ್ಟೆಗೆ ಕರೆದೊಯ್ದಳು. ಆಗ ಗುಪ್ತ ಮತದಾನವಿರಲಿಲ್ಲ. ಎಲ್ಲರೆದುರು ಗಟ್ಟಿಯಾಗಿ ಹೇಳಬೇಕು. ಲಿಲಿ ಮ್ಯಾಕ್ಸ್‌ವೆಲ್ ಜೇಕಬ್ ಬ್ರೈಟ್‌ನ ಹೆಸರು ಹೇಳಿದಳು. ಪಟ್ಟಿಯಲ್ಲಿ ಹೆಸರಿದ್ದುದರಿಂದ ಅಧಿಕಾರಿ ಬರೆದುಕೊಳ್ಳಲೇಬೇಕಾಯಿತು. ನೆರೆದವರು ಜಯಘೋಷ ಮಾಡಿದರು.

ಮರುವರ್ಷ ಮ್ಯಾಂಚೆಸ್ಟರಿನ 5,346 ಹೆಂಗಸರು ತಮ್ಮ ಹೆಸರುಗಳನ್ನೂ ಸೇರಿಸಬೇಕೆಂದು ಅರ್ಜಿ ಕೊಟ್ಟರು. 1868ರ ನವೆಂಬರಿನಲ್ಲಿ ಚಾರ್ಲ್ಟನ್ ಮತ್ತು ಲಿಂಗ್ಸ್ ಮೊಕದ್ದಮೆಯಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು: ಇಲ್ಲಿ ಮ್ಯಾನ್ ಎಂದರೆ ಗಂಡಸು. 1850ರ ನಿಯಮ? ಅದು ಸಾಮಾನ್ಯ ಸಂದರ್ಭಕ್ಕೆ. ಮತದಾನಕ್ಕೆ ಹೆಂಗಸರು ಮೊದಲಿನಿಂದಲೂ ಕಾನೂನಿನ ಅನರ್ಹತೆಗೆ ಒಳಪಟ್ಟವರು. ಇಷ್ಟು ದೊಡ್ಡ ಬದಲಾವಣೆಯನ್ನು ಪಾರ್ಲಿಮೆಂಟು ಒಂದು ಪದದ ಬಾಗಿಲಿನಿಂದ ನುಸುಳಿಸಲು ಉದ್ದೇಶಿಸಿರಲಾರದು. ಹೆಂಗಸರ ಪರವಾಗಿ ವಾದಿಸಿದವರಲ್ಲಿ ರಿಚರ್ಡ್ ಪ್ಯಾಂಕ್‌ಹರ್ಸ್ಟ್ ಒಬ್ಬ. ಮುಂದೆ ಅವನ ಹೆಂಡತಿ ಎಮಿಲೀನಳೂ ಮಕ್ಕಳೂ ಇದೇ ಹಕ್ಕಿಗಾಗಿ ಸೆರೆಮನೆ ಕಂಡರು. ಎಮಿಲೀನ್ ಆಗ ಹತ್ತು ವರ್ಷದ ಬಾಲಕಿ. ಮೊದಲ ಕಂತಿನ ಬ್ರಿಟಿಷ್ ಮಹಿಳೆಯರಿಗೆ ಪಾರ್ಲಿಮೆಂಟಿನ ಮತ ಸಿಕ್ಕಿದ್ದು 1918ರಲ್ಲಿ. ಗಂಡಸರಿಗೆ ಸರಿಸಮನಾಗಿ ಸಿಕ್ಕಿದ್ದು 1928ರಲ್ಲಿ.

ಅಟ್ಲಾಂಟಿಕ್ಕಿನ ಆಚೆ ಇದೇ ಪ್ರಶ್ನೆಯನ್ನು ಎತ್ತಿದವಳು ಸೂಸನ್ ಆಂಟನಿ. 1872ರ ನವೆಂಬರ್ 5ರಂದು ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನಲ್ಲಿ ಆಕೆ ಮತ ಹಾಕಿದಳು, ಅದಕ್ಕಾಗಿ ಬಂಧನವಾಯಿತು. ವಿಚಾರಣೆಗೆ ಮುಂಚೆ ಊರೂರು ತಿರುಗಿ ಮಾಡಿದ ಭಾಷಣದಲ್ಲಿ ಆಕೆ ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಆಕೆಯ ಮೇಲೆ ಹೊರಿಸಿದ ಕಾಯಿದೆಯ ವಿಧಿಯಲ್ಲಿ ಇದ್ದ ಸರ್ವನಾಮಗಳೆಲ್ಲ ಪುಲ್ಲಿಂಗ. ಆಕೆಗೆ ಕೊಟ್ಟ ವಾರಂಟು, ಜಾಮೀನು ಪತ್ರ, ಆರೋಪ ಪಟ್ಟಿ — ಇವುಗಳ ಅಚ್ಚಾದ ನಮೂನೆಯಲ್ಲಿ ಒಂದಾದರೂ ಸ್ತ್ರೀಲಿಂಗದ ಪದವಿರಲಿಲ್ಲ. ಆದ್ದರಿಂದ ನ್ಯಾಯಾಲಯದ ಗುಮಾಸ್ತ ಏನು ಮಾಡಿದನೆಂದರೆ, ಹೀ ಎಂದಿದ್ದ ಕಡೆಯೆಲ್ಲ ಪಕ್ಕದಲ್ಲೊಂದು ಕಾಕಪದ ಹಾಕಿ ಮೇಲೆ ಎಸ್ ಅಕ್ಷರ ಬರೆದು ಶೀ ಮಾಡಿದ. ಹಿಸ್ ಎಂಬುದರ ಬಾಲ ಹೊಡೆದು ಹರ್ ಮಾಡಿದ. ಶಿಕ್ಷೆಗೆ ಗುರಿಮಾಡಲು ಇಷ್ಟು ಸಲೀಸಾಗಿ ಹೆಂಗಸನ್ನು ಅವನೊಳಗೆ ಸೇರಿಸಬಹುದಾದರೆ, ತೆರಿಗೆಗೂ ನೇಣಿಗೂ ಅವನೆಂದರೆ ಅವಳೂ ಆಗುವುದಾದರೆ, ಮತಕ್ಕೆ ಏಕಿಲ್ಲ ಎಂಬುದು ಆಕೆಯ ವಾದ. 1873ರ ಜೂನ್ ತಿಂಗಳಲ್ಲಿ ವಿಚಾರಣೆ ನಡೆದು, ನ್ಯಾಯಾಧೀಶ ಜೂರಿಯವರಿಗೆ ಆಲೋಚಿಸಲೂ ಬಿಡದೆ ದೋಷಿಯೆಂದು ತೀರ್ಮಾನಿಸಿ 100 ಡಾಲರ್ ದಂಡ ಹಾಕಿದ. ಆಕೆ ಕೊಡಲಿಲ್ಲ, ಅವರು ವಸೂಲೂ ಮಾಡಲಿಲ್ಲ. ಆ ಗುಮಾಸ್ತನ ಲೇಖನಿಯೂ ನನ್ನದೂ ಒಂದೇ ಜಾತಿಯವು. ಅವನು ಹೀ ಹೊಡೆದು ಶೀ ಬರೆದ, ನಾನು ದೇರ್ ಹೊಡೆದು ಹಿಸ್ ಬರೆದೆ. ವ್ಯತ್ಯಾಸವೆಂದರೆ, ತಾನು ಏತಕ್ಕೆ ತಿದ್ದುತ್ತಿದ್ದೇನೆಂಬುದು ಅವನಿಗೆ ಗೊತ್ತಿತ್ತು.

ಇನ್ನು ನಮ್ಮ ದೇಶದ ಮಾತು. 1860ರ ಭಾರತ ದಂಡಸಂಹಿತೆಯ 8ನೆಯ ಕಲಮಿನಲ್ಲಿ, ಹೀ ಎಂಬ ಸರ್ವನಾಮವನ್ನೂ ಅದರ ರೂಪಗಳನ್ನೂ ಗಂಡು ಹೆಣ್ಣೆನ್ನದೆ ಯಾವುದೇ ವ್ಯಕ್ತಿಯ ವಿಷಯದಲ್ಲಿ ಬಳಸಿದೆ ಎಂದು ಹೇಳಿತ್ತು. 1868ರ ಸಾಮಾನ್ಯ ಖಂಡಗಳ ಕಾಯಿದೆ, ಬ್ರಿಟಿಷ್ ಕಾಯಿದೆಯ ಜಾಡಿನಲ್ಲಿಯೇ, ವಿಷಯಕ್ಕೂ ಸಂದರ್ಭಕ್ಕೂ ವಿರುದ್ಧವಾಗದಿದ್ದರೆ ಪುಲ್ಲಿಂಗದಲ್ಲಿ ಸ್ತ್ರೀಯರೂ ಸೇರುತ್ತಾರೆಂದಿತು. 1879ರಲ್ಲಿ ವಕೀಲರನ್ನು ಕುರಿತ ಕಾಯಿದೆ ಬಂತು. ‘ತಕ್ಕ ವ್ಯಕ್ತಿ’ಗಳಿಗೆ ವಕೀಲಿಯ ಸನ್ನದು ಕೊಡಬೇಕೆಂದು ಅದರಲ್ಲಿತ್ತು. ಮೂರನ್ನೂ ಜೊತೆಗಿಟ್ಟು ಓದಿದರೆ ದಾರಿ ತೆರೆದೇ ಇದೆ ಎನಿಸುತ್ತದೆ. ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಪದವಿ ಪಡೆದ ರೆಜಿನಾ ಗುಹಾ ಎಂಬಾಕೆಗೂ ಹಾಗೆಯೇ ಅನಿಸಿತು. ಅಲಿಪುರದ ಜಿಲ್ಲಾ ನ್ಯಾಯಾಲಯದಲ್ಲಿ ಪ್ಲೀಡರ್ ಆಗಿ ನೋಂದಾಯಿಸಿಕೊಳ್ಳಲು ಅರ್ಜಿ ಹಾಕಿದಳು.

1916ರಲ್ಲಿ ಕಲ್ಕತ್ತಾ ಹೈಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕುಳಿತು ಆ ಅರ್ಜಿಯನ್ನು ತಳ್ಳಿಹಾಕಿತು. ಈ ದೇಶದಲ್ಲಿ ಹೆಂಗಸರು ಎಂದೂ ವಕೀಲರಾಗಿಲ್ಲ. ಕಾಯಿದೆ ಮಾಡಿದವರ ಮನಸ್ಸಿನಲ್ಲಿ ಅವರು ಇರಲಿಲ್ಲ. ಆದ್ದರಿಂದ ಪುಲ್ಲಿಂಗದಲ್ಲಿ ಸ್ತ್ರೀಯರೂ ಸೇರುತ್ತಾರೆಂಬ ಸೂತ್ರ ಇಲ್ಲಿ ಹೊಂದದು ಎಂಬುದು ತೀರ್ಪಿನ ಸಾರ. ಇಂಗ್ಲೆಂಡಿನ ಹಳೆಯ ತೀರ್ಪುಗಳ ನೆರಳು ಅದರ ಮೇಲೆ ಬಿದ್ದಿದೆ. ಅಂದರೆ ಕೊಲೆ, ಕಳವು ಮಾಡಿದ ಹೆಣ್ಣುಮಗಳು ಕಟಕಟೆಯಲ್ಲಿ ನಿಂತಾಗ ‘ಅವನು’. ಅವಳ ಪರವಾಗಿ ವಾದಿಸಲು ಬಂದ ಹೆಣ್ಣುಮಗಳು ‘ಅವನು’ ಅಲ್ಲ. ಒಂದೇ ಕೋಣೆಯೊಳಗೆ ಹತ್ತು ಹೆಜ್ಜೆಗಳ ಅಂತರದಲ್ಲಿ ಒಂದೇ ಸರ್ವನಾಮಕ್ಕೆ ಎರಡು ಅರ್ಥ. 1921ರಲ್ಲಿ ಸುಧಾಂಶುಬಾಲಾ ಹಾಜ್ರಾ ಎಂಬಾಕೆ ಪಾಟ್ನಾ ಹೈಕೋರ್ಟಿನಲ್ಲಿ ಇದೇ ಪ್ರಾರ್ಥನೆ ಮಾಡಿದಳು, ಅಲ್ಲಿಯೂ ಇಲ್ಲವೆಂದರು. ಅದೇ ವರ್ಷ ಅಲಹಾಬಾದಿನ ಹೈಕೋರ್ಟು ಕಾರ್ನೀಲಿಯಾ ಸೊರಾಬ್ಜಿಯವರನ್ನು ವಕೀಲರ ಪಟ್ಟಿಗೆ ಸೇರಿಸಿಕೊಂಡಿತು. ಆಕೆ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆಗೆ ಕುಳಿತದ್ದು 1892ರಲ್ಲಿ! ಒಂದು ಊರಿನಲ್ಲಿ ಹೌದು, ಇನ್ನೊಂದು ಊರಿನಲ್ಲಿ ಇಲ್ಲ ಎಂಬ ಈ ವಿಚಿತ್ರ ಸ್ಥಿತಿಯನ್ನು ಮುಗಿಸಲು 1923ರಲ್ಲಿ ಮಹಿಳಾ ವಕೀಲರಿಗೆಂದೇ ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. ‘ಎಲ್ಲ ವ್ಯಕ್ತಿಗಳು’ ಎಂದು ಬರೆದದ್ದು ಸಾಲದೆ, ‘ಹೆಂಗಸರೂ ಸಹ’ ಎಂದು ಇನ್ನೊಮ್ಮೆ ಬರೆದಂತಾಯಿತು.

ಕೆನಡಾದ ಐವರು ಮಹಿಳೆಯರ ಮೊಕದ್ದಮೆ ಹೆಚ್ಚು ಪ್ರಸಿದ್ಧವಾದದ್ದು. ಅಲ್ಲಿನ ಸೆನೆಟ್ಟಿಗೆ ನೇಮಿಸಬಹುದಾದ ‘ವ್ಯಕ್ತಿ’ಗಳಲ್ಲಿ ಹೆಂಗಸರು ಸೇರುತ್ತಾರೆಯೆ ಎಂಬ ಪ್ರಶ್ನೆಗೆ 1928ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಇಲ್ಲವೆಂದಿತು. 1929ರ ಅಕ್ಟೋಬರ್ 18ರಂದು ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ತಳ್ಳಿಹಾಕಿತು. ಲಾರ್ಡ್ ಸ್ಯಾಂಕಿ ಪ್ರಶ್ನೆಯನ್ನೇ ತಿರುಗಿಸಿದ: ಏಕೆ ಸೇರಿಸಬೇಕೆಂದು ಕೇಳುವವರಿಗೆ ಏಕೆ ಸೇರಿಸಬಾರದೆಂಬುದೇ ಉತ್ತರ ಎಂದ. ಅಲ್ಲಿಯವರೆಗೆ ಸಾಬೀತುಪಡಿಸುವ ಹೊರೆ ಒಳಗೆ ಬರುವವರ ತಲೆಯ ಮೇಲಿತ್ತು. ಅಂದಿನಿಂದ ಅದು ಬಾಗಿಲು ಮುಚ್ಚುವವರ ತಲೆಗೆ ಬಂತು.

ಈ ನಡುವೆ ವೈಯಾಕರಣರಲ್ಲಿಯೇ ಕೆಲವರಿಗೆ ಇರುಸುಮುರುಸಾಗಿ ಹೊಸ ಸರ್ವನಾಮಗಳನ್ನು ಟಂಕಿಸಲು ಹೊರಟರು. ಅಮೆರಿಕದ ವಕೀಲನೂ ಕ್ರೈಸ್ತ ಗೀತೆಗಳಿಗೆ ರಾಗ ಹಾಕಿದವನೂ ಆದ ಚಾರ್ಲ್ಸ್ ಕಾನ್ವರ್ಸ್ 1884ರಲ್ಲಿ ‘ಥಾನ್’ ಎಂಬ ಪದವನ್ನು ಮುಂದಿಟ್ಟ. 1934ರ ವೆಬ್‌ಸ್ಟರ್ ನಿಘಂಟು ಅದಕ್ಕೆ ಜಾಗ ಕೊಟ್ಟಿತು. 1961ರ ಆವೃತ್ತಿಯಲ್ಲಿ ತೆಗೆದುಹಾಕಿತು. ಯಾರೂ ಆಡದ ಪದ ಎಷ್ಟು ದಿನ ಬದುಕೀತು? ಆಡುವ ಪದ ಪಕ್ಕದಲ್ಲಿಯೇ ಇತ್ತು. ಅದನ್ನು ಪೂರ್ತಿ ಓಡಿಸಲು ನಿಯಮದವರಿಂದಲೂ ಆಗಿರಲಿಲ್ಲ. ‘ಎಲ್ಲರೂ ಒಳಗೆ ಬಂದರು, ನಾನು ಅವರಿಗೆ ಕಾಫಿ ಕೊಟ್ಟೆ’ ಎಂಬುದನ್ನು ಎವ್ರಿವನ್ ಹಾಕಿ ಇಂಗ್ಲಿಷಿಗೆ ತಿರುಗಿಸಿ, ನಿಯಮದಂತೆ ಹಿಮ್ ಎಂದು ಬರೆದು ನೋಡಿ: ಬಂದವರಷ್ಟೂ ಜನರಲ್ಲಿ ಕಾಫಿ ಸಿಕ್ಕುವುದು ಒಬ್ಬನಿಗೆ. ನಾನು ವರ್ಷಾನುಗಟ್ಟಲೆ ಕಲಿಸಿದ ಪ್ರಶ್ನಾರ್ಥಕ ಬಾಲದ ಪಾಠವನ್ನೂ ನೆನೆಸಿಕೊಳ್ಳಿ. ‘ಎಲ್ಲರೂ ಬಂದರು, ಅಲ್ಲವೆ?’ ಎಂಬುದಕ್ಕೆ ಎವ್ರಿಬಡಿಯ ಮುಂದೆ ‘ಡಿಡಂಟ್ ದೇ’ ಎಂದೇ ಬರೆಯಬೇಕು. ‘ಡಿಡಂಟ್ ಹೀ’ ಎಂದರೆ ಅಂಕವಿಲ್ಲ. ಒಂದೇ ಪ್ರಶ್ನೆಪತ್ರಿಕೆಯ ನಾಲ್ಕನೆಯ ಪ್ರಶ್ನೆಯಲ್ಲಿ ದೇ ಬರೆದವರಿಗೆ ಅಂಕ ಕೊಟ್ಟು, ಆರನೆಯ ಪ್ರಶ್ನೆಯಲ್ಲಿ ದೇರ್ ಬರೆದವರಿಗೆ ಕಳೆಯುತ್ತಿದ್ದೆ. ನನಗಾಗಲಿ, ಜೊತೆಯಲ್ಲಿ ಕುಳಿತು ಮೌಲ್ಯಮಾಪನ ಮಾಡುತ್ತಿದ್ದವರಿಗಾಗಲಿ ಅದರಲ್ಲಿ ಏನೂ ವಿಪರೀತ ಕಾಣಲಿಲ್ಲ.

1975ರಲ್ಲಿ ಆನ್ ಬೋಡಿನ್ ಎಂಬ ವಿದುಷಿ ಈ ನಿಯಮದ ಪೂರ್ವೋತ್ತರವನ್ನು ಬಿಡಿಸಿಟ್ಟು ಲೇಖನ ಬರೆದ ಮೇಲೆ ವಿದ್ವಾಂಸರಲ್ಲಿ ಚರ್ಚೆ ಬಿರುಸಾಯಿತು. 2007ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಮಸೂದೆಗಳಲ್ಲಿ ಪುಲ್ಲಿಂಗವೊಂದನ್ನೇ ಬಳಸುವ ರೂಢಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ವರ್ಷದ ಪದವೆಂದು ಆರಿಸಿದ್ದು ದೇ ಎಂಬುದನ್ನೇ. ನಮ್ಮಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 1860ರ ಆ ಕಲಮನ್ನು ಉಳಿಸಿಕೊಂಡು, ಹೀ ಎಂಬುದರಲ್ಲಿ ಗಂಡು, ಹೆಣ್ಣುಗಳ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿದೆ. ಮನೆ ವಿಶಾಲವಾಗಿದೆ, ಬಾಗಿಲಿನ ಮೇಲಿನ ಹೆಸರು ಮಾತ್ರ ಹಳೆಯದೇ. ಸಂವಿಧಾನದ 56ನೆಯ ವಿಧಿಯ ಇಂಗ್ಲಿಷ್ ಪಾಠದಲ್ಲಿ ರಾಷ್ಟ್ರಪತಿಗಳಿಗೆ ಹೀ ಎಂದೇ ಇದೆ. ಪ್ರತಿಭಾ ಪಾಟೀಲರು 2007ರಲ್ಲಿ, ದ್ರೌಪದಿ ಮುರ್ಮು ಅವರು 2022ರಲ್ಲಿ ಅಧಿಕಾರ ವಹಿಸಿಕೊಂಡದ್ದು ಆ ‘ಅವನು’ ಎಂಬುದರ ಕೆಳಗೆಯೇ.

ಕನ್ನಡದ ಮಟ್ಟಿಗೆ ನಾವು ಪುಣ್ಯವಂತರೆಂದು ಬಹಳ ದಿನ ತಿಳಿದಿದ್ದೆ. ಬಾಗಿಲು ತಟ್ಟಿದ ಸದ್ದಾದರೆ ‘ಯಾರೋ ಬಂದಿದ್ದಾರೆ’ ಎನ್ನುತ್ತೇವೆ. ಬಂದವರು ಒಬ್ಬರೇ ಇರಬಹುದು, ಗಂಡಾಗಲಿ ಹೆಣ್ಣಾಗಲಿ ಆಗಬಹುದು. ‘ಅವರು’ ಎಂಬುದಕ್ಕೆ ಲಿಂಗವಿಲ್ಲ. ‘ತನ್ನ’, ‘ತಮ್ಮ’ ಎಂಬುವಕ್ಕೂ ಇಲ್ಲ. ಇಂಗ್ಲಿಷರು ಆರುನೂರು ವರ್ಷ ದೇ ಎಂಬುದರಿಂದ ಮಾಡಿಸಿಕೊಂಡ ಕೆಲಸವನ್ನು ನಮ್ಮ ಯಾರು, ಅವರು, ತಮ್ಮ ಎಂಬುವು ಮನೆಮಾತಿನಲ್ಲಿ ಸದ್ದಿಲ್ಲದೆ ಮಾಡಿಕೊಂಡು ಬಂದಿವೆ. ಆದರೆ ನಮ್ಮ ಕಚೇರಿಗಳ ಕನ್ನಡವನ್ನು ತೆರೆದು ನೋಡಿದರೆ ಅಲ್ಲಿರುವುದು ‘ಅರ್ಜಿದಾರನು’, ‘ಮತದಾರನು’, ‘ಪ್ರತಿಯೊಬ್ಬನೂ’. ಈ ಪ್ರತಿಯೊಬ್ಬನು ಇಂಗ್ಲಿಷಿನ ಹೀ ಕೈಹಿಡಿದು ನಮ್ಮ ಅಂಗಳಕ್ಕೆ ಇಳಿದವನೆಂದು ನನ್ನ ಗುಮಾನಿ. ಪ್ರತಿಯೊಬ್ಬರೂ ಎಂಬ ಪದ ನಮ್ಮ ನಾಲಿಗೆಯ ಮೇಲೆ ಸಿದ್ಧವಾಗಿದ್ದರೂ ನಮೂನೆಗಳನ್ನು ಭಾಷಾಂತರಿಸುವವರ ಲೇಖನಿಗೆ ಅದು ಸಿಕ್ಕಲಿಲ್ಲ.

ಆ ಹುಡುಗಿಯ ವಾಕ್ಯವನ್ನು ಈಚೆಗೆ ಒಮ್ಮೆ ಕನ್ನಡದಲ್ಲಿ ಹೇಳಿಕೊಂಡೆ: ಎಲ್ಲರೂ ತಮ್ಮ ತಮ್ಮ ಕೊಡೆ ಬಿಚ್ಚಿದರು. ಆಕೆ ಬರೆಯುವಾಗ ಮನಸ್ಸಿನಲ್ಲಿ ಇದ್ದದ್ದು ಈ ‘ತಮ್ಮ’ ಎಂಬುದೇ ಇರಬೇಕು. ಅದನ್ನೇ ದೇರ್ ಎಂದು ಇಂಗ್ಲಿಷಿಗೆ ದಾಟಿಸಿದ್ದಾಳೆ. ಕನ್ನಡದ ಪ್ರಭಾವದಿಂದಾದ ತಪ್ಪೆಂದು ನಾನು ಬಗೆದದ್ದು ಆಸ್ಟಿನ್ನಳ ಇಂಗ್ಲಿಷೂ ಆಗಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ ಆ ತರಗತಿಯವರು ಪರೀಕ್ಷೆ ಮುಗಿಸಿ ಹೋಗಿಯಾಗಿತ್ತು, ಅಂಕಪಟ್ಟಿಗಳಿಗೆ ಮೊಹರೂ ಬಿದ್ದಾಗಿತ್ತು.